ಅರ್ಧ ಸಾಕು ಅಂದಾಕಿ

ಸುಶೀಲವ್ವನ ಮುಂದೆ ‘ಸಾಕು’ ಅಂದು ಗೆದ್ದವರಿಲ್ಲ. ಉಣ್ಣಲು ಕೂತವರು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ಸಾರು ಸುರಿಯುವ ಹೆಂಗಸು ಅವಳು. ತವರು ಕುಪ್ಪೇಲೂರಿನಲ್ಲಿ ಅವಳಿಗೆ ಕಲಿಸಿದ್ದೇ ಹಾಗೆ. ಬಂದವರು ಒಮ್ಮೆ ಬೇಡ ಅಂದರೆ ಅದು ಮರ್ಯಾದೆ, ಎರಡನೇ ಸಲ ಅಂದರೆ ನಾಚಿಕೆ, ಮೂರನೇ ಸಲ ಅಂದರೆ ಹೊಟ್ಟೆ ತುಂಬಿದ್ದರೂ ತುಂಬಿರಬಹುದು. ಬ್ಯಾಡಗಿಗೆ ಸೊಸೆಯಾಗಿ ಬಂದು ಅರ್ಧ ಆಯುಷ್ಯ ಕಳೆದರೂ ಅವಳ ಈ ಲೆಕ್ಕ ಬದಲಾಗಿರಲಿಲ್ಲ. ಗಂಡ ಕೊಟ್ರಪ್ಪ ಮಾತ್ರ ಆಗಾಗ ಅನ್ನುತ್ತಿದ್ದ, “ಇಕಿ ಕೈಯಾಗ ಸಿಕ್ಕವ್ರು ಉಪವಾಸ ಸಾಯಂಗಿಲ್ಲ ಬಿಡು, ಅಜೀರ್ಣಾಗಿ ಸಾಯತಾರ.”

ಇಂಥ ಕೈಗೆ ಸರ್ಕಾರ ಒಂದು ನ್ಯಾಯಬೆಲೆ ಅಂಗಡಿಯನ್ನೇ ಕೊಟ್ಟಿತ್ತು. ಹೆಸರಿಗೆ ಅದು ಬನಶಂಕರಿ ಸ್ತ್ರೀಶಕ್ತಿ ಸಂಘದ ಅಂಗಡಿ. ನಡೆಸುವವಳು, ತೂಗುವವಳು, ಬೈಯುವವಳು ಎಲ್ಲ ಸುಶೀಲವ್ವನೇ. ದಲಾಲಿ ಅಂಗಡಿಯ ಗುಮಾಸ್ತಗಿರಿ ಬಿಟ್ಟು ಮೊಣಕಾಲು ನೋವಿನೊಂದಿಗೆ ಮನೆ ಸೇರಿದ್ದ ಕೊಟ್ರಪ್ಪ ಬಾಗಿಲ ಬಳಿ ಬೆಂಚಿನ ಮೇಲೆ ಪೇಪರ್ ಹಿಡಿದು ಕೂತಿರುತ್ತಿದ್ದ. ಆದರೂ ಒಂದು ಮಾತು ಹೇಳಲೇಬೇಕು: ಆ ಅಂಗಡಿಯಲ್ಲಿ ತೂಕದಲ್ಲಿ ಮೋಸವಾಯಿತು ಎಂದು ಯಾರೂ ಅಂದದ್ದಿಲ್ಲ.

ಜನವರಿಯಲ್ಲಿ, ಮೆಣಸಿನಕಾಯಿ ಸೀಜನ್ನು ಏರಿ ಊರಿಗೆ ಊರೇ ಸೀನುತ್ತಿದ್ದಾಗ, ಮೆಹಬೂಬ ಅಂಗಡಿಗೆ ಬಂದ. ಮೋಟೆಬೆನ್ನೂರು ರಸ್ತೆಯ ಕೋಲ್ಡ್ ಸ್ಟೋರೇಜೊಂದರಲ್ಲಿ ಹಮಾಲರ ಮೇಸ್ತ್ರಿ ಅವನು. ಹಿಂದೆ ಒಬ್ಬ ಸಣಕಲು ಗಂಡಸು, ಅವನ ಹಿಂದೆ ತಲೆತುಂಬ ಸೆರಗು ಹೊದ್ದ ಬಸುರಿ ಹೆಂಗಸು.

“ಬಿಹಾರದವ್ರರೀ ಅಕ್ಕಾರ. ಇಂವ ಬಿರ್ಜು, ನಮ್ಮಲ್ಲೇ ಹಮಾಲಿ ಮಾಡಾಕತ್ತಾನ. ಇಕಿ ಇವನ ಹೆಂಡ್ತಿ ಸುನೈನಾ, ಮೆಣಸಿನಕಾಯಿ ತೊಟ್ಟು ಬಿಡಸಾಕ ಬರ್ತಾಳ. ಬ್ಯಾರೆ ಅಂಗಡಿಗೆ ಹೋಗಿದ್ವಿ, ಹೊರಗಿನವ್ರಿಗೆ ರೇಷನ್ ಇಲ್ಲ ಅಂತ ಕಳಿಸಿದ್ರು.”

“ಯಾರಂವ ಹಂಗ ಅಂದಂವ?” ಸುಶೀಲವ್ವ ಎದ್ದೇ ನಿಂತಳು. “ದೇಶದಾಗ ಎಲ್ಲಿ ಕಾರ್ಡಿದ್ರೂ ಎಲ್ಲಿ ಬೇಕಾದ್ರೂ ರೇಷನ್ ತಗೋಬಹುದು ಅಂತ ಸರ್ಕಾರನ ಹೇಳೈತಿ. ಇವರೇನು ತಮ್ಮ ಮನ್ಯಾಂದು ಕೊಡ್ತಾರೇನು? ಬಾರವಾ, ಕುಂದ್ರು. ಹೊಟ್ಟಿ ಹೊತ್ಕೊಂಡು ನಿಂತೀಯಲ್ಲ.”

ಸುಲಭಕ್ಕೆ ಆಗಲಿಲ್ಲ. ಮಷಿನ್ನು ಹೊರರಾಜ್ಯದ ಕಾರ್ಡನ್ನು ತೆಗೆದುಕೊಳ್ಳಲು ಮೀನಮೇಷ ಎಣಿಸಿತು. ಸುಶೀಲವ್ವ ಆಹಾರ ನಿರೀಕ್ಷಕರಿಗೆ ಫೋನು ಹಚ್ಚಿದಳು, ಅವರು ಎತ್ತುವವರೆಗೂ ಬಿಡಲಿಲ್ಲ. ಕೊನೆಗೆ ಸುನೈನಾಳ ಹೆಬ್ಬೆಟ್ಟು ಹತ್ತಿತು. ಪರದೆಯ ಮೇಲೆ ಐದು ಹೆಸರು ಮೂಡಿದವು. ಐದು ಜನರ ಅಕ್ಕಿ. ಸರದಿಯಲ್ಲಿ ನಿಂತಿದ್ದ ಹೆಂಗಸರೆಲ್ಲ ಕತ್ತು ಚಾಚಿ ನೋಡಿದರು.

ಸುಶೀಲವ್ವ ಅಕ್ಕಿ ತೂಗಿ ಚೀಲಕ್ಕೆ ಸುರಿಯತೊಡಗಿದಾಗ ಸುನೈನಾ ಗಾಬರಿಯಾಗಿ ಮುಂದೆ ಬಂದಳು. ಒಂದು ಅಂಗೈಯನ್ನು ಚಾಚಿ ಇನ್ನೊಂದು ಕೈಯಿಂದ ಅದನ್ನು ನಡುವೆ ಕತ್ತರಿಸುವ ಹಾಗೆ ತೋರಿಸಿದಳು. “ಬಸ್ ದೀದಿ. ಆಧಾ.”

“ಅರ್ಧ ಸಾಕಂತರೀ ಅಕ್ಕಾರ,” ಮೆಹಬೂಬ ನಕ್ಕ.

ಸುಶೀಲವ್ವನಿಗೆ ಮೆಹಬೂಬ ಹೇಳಬೇಕಾಗಿರಲಿಲ್ಲ. ಅಷ್ಟು ಹಿಂದಿ ಅವಳಿಗೂ ಬರುತ್ತಿತ್ತು. ಆದರೆ ಅದು ಅವಳಿಗೆ ಮೊದಲ ಸಲದ ಬೇಡ, ಮರ್ಯಾದೆಯ ಬೇಡ. ದೂರದಿಂದ ಬಂದ ಹೆಣ್ಣು ಕೊಟ್ಟದ್ದನ್ನೆಲ್ಲ ಬಾಚಿಕೊಳ್ಳುವುದಿಲ್ಲ ಎಂದು ಅವಳಿಗೆ ಒಳಗೇ ಹಿಗ್ಗಾಯಿತು. “ನಾಚಬ್ಯಾಡ, ತಗೋ!” ಅಂದಳು. ಸುನೈನಾ ಚೀಲದ ಬಾಯಿಗೆ ಕೈ ಅಡ್ಡ ಇಟ್ಟು ಮತ್ತೇನೋ ಅಂದಳು, ಸಾಸ್ ಅಂದಳು, ಗಾಂವ್ ಅಂದಳು. ಅದು ಎರಡನೇ ಬೇಡ, ನಾಚಿಕೆಯದು. ಸುಶೀಲವ್ವ ಆ ಕೈಯನ್ನು ಹಿಡಿದು ಪ್ರೀತಿಯಿಂದಲೇ ಬದಿಗೆ ಸರಿಸಿ ಉಳಿದದ್ದನ್ನೂ ಸುರಿದಳು. ಮೂರನೇ ಸಲ ಹೇಳಲು ಸುನೈನಾಗೆ ಎಡೆಯೇ ಸಿಗಲಿಲ್ಲ. ಸರದಿಯ ಹೆಂಗಸರು ಗೊಳ್ಳೆಂದು ನಕ್ಕರು. ಚೀಲದ ಬಾಯಿ ಕಟ್ಟುತ್ತ ಸುಶೀಲವ್ವ ಬೆರಳೆತ್ತಿ ಇನ್ನೊಂದು ಮಾತೂ ಹೇಳಿದಳು:

“ಮೆಹಬೂಬ, ಇಕಿಗೆ ತಿಳಿಸಿ ಹೇಳು. ಇದರಾಗ ಒಂದು ಕಾಳು ಹೊರಗ ಮಾರಿದ್ಲು ಅಂದ್ರ ನನ್ನಷ್ಟು ಕೆಟ್ಟಾಕಿ ಯಾರೂ ಇಲ್ಲ. ಆಮ್ಯಾಲೆ ಈ ಅಂಗಡಿ ಮೆಟ್ಟಲಾ ಹತ್ತಸಂಗಿಲ್ಲ.”

ಮೆಹಬೂಬ ಹೇಳಿದ. ಸುನೈನಾ ತಲೆಯಾಡಿಸಿದಳು.

ಆಮೇಲೆ ಸುಶೀಲವ್ವ ಅಕ್ಕಿಗೇ ನಿಲ್ಲಲಿಲ್ಲ. ಕೈಗೆ ಹತ್ತಿದ ಕೆಲಸವನ್ನು ಅರ್ಧಕ್ಕೆ ಬಿಡುವ ಪೈಕಿ ಅವಳಲ್ಲ. ಸರ್ಕಾರಿ ದವಾಖಾನೆಗೆ ಕರೆದೊಯ್ದು ತಾಯಿ ಕಾರ್ಡ್ ಮಾಡಿಸಿದಳು. ಅಂಗನವಾಡಿಯಲ್ಲಿ ಜಗಳ ತೆಗೆದು ಊಟ, ತತ್ತಿ ಗೊತ್ತು ಮಾಡಿಸಿದಳು. ಸ್ಕ್ಯಾನಿಂಗಿಗೆ ತಾನೇ ರಾಣೆಬೆನ್ನೂರಿನವರೆಗೆ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ, ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಕೊಡಿಸಿದಳು. ಸುನೈನಾ ಬೇಡ ಅಂದಳು. ಎರಡು ಪ್ಲೇಟು ಕೊಡಿಸಿದಳು. ಫೆಬ್ರವರಿಯಲ್ಲಿ ಸುನೈನಾ ರೇಷನ್ನಿಗೆ ಒಬ್ಬಳೇ ಬಂದಳು. ಮತ್ತೆ ಅಂಗೈ ಕತ್ತರಿಸಿ ತೋರಿಸಿದಳು, ಈ ಸಲ ಸ್ವಲ್ಪ ಮೆಲ್ಲಗೆ. ಸುಶೀಲವ್ವ ಮತ್ತೆ ನಕ್ಕಳು, ಮತ್ತೆ ಐದೂ ಜನರ ಅಕ್ಕಿ ಸುರಿದಳು.

ಅದೇ ತಿಂಗಳು ಹಾವೇರಿಯಲ್ಲಿ ಸ್ತ್ರೀಶಕ್ತಿ ಸಂಘಗಳ ಸಮಾವೇಶ ನಡೆಯಿತು. ಹೊರಗಿನಿಂದ ಬಂದ ಕೂಲಿಕಾರರಿಗೆ ರೇಷನ್ ತಲುಪಿಸಿದ ಅಂಗಡಿ ಎಂದು ಸುಶೀಲವ್ವನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಎರಡು ಮಾತಾಡಿರಿ ಅಂದರು. ಎರಡೇ ಮಾತು ಆಡುವ ಹೆಂಗಸೇ ಅವಳು? “ಆ ಹುಡುಗಿ ಎಷ್ಟು ಸಂಭಾವಿತಾಕಿ ಅಂದ್ರ, ಅರ್ಧ ಸಾಕು ಅಂತ ಕೈ ಅಡ್ಡ ಹಿಡದ್ಲರೀ. ನಾ ಬಿಡ್ತೇನೇನು? ಕೈ ಸರಿಸಿ ಪೂರ್ತಿ ಹಾಕಿದೆ!” ಅಂದಳು. ಸಭೆ ಚಪ್ಪಾಳೆ ಹೊಡೆಯಿತು. ಆ ಶಾಲು ಅಂಗಡಿಯ ಗೋಡೆಯ ಮೊಳೆಗೆ ಬಂದು ಕೂತಿತು, ಬಂದವರಿಗೆಲ್ಲ ಕಾಣುವ ಹಾಗೆ.

ಮಾರ್ಚ್ ಶುರುವಿನಲ್ಲಿ, ಆ ತಿಂಗಳ ಹಂಚಿಕೆ ಇನ್ನೂ ಆರಂಭವಾಗದಿದ್ದಾಗ, ಪಕ್ಕದ ಓಣಿಯ ಜಯವ್ವ ಬಂದು ಕಿವಿಯಲ್ಲಿ ಊದಿದಳು. “ನಿನ್ನ ಬಿಹಾರಿ ಜೋಪಡ್ಯಾಗ ಅಕ್ಕಿ ಚೀಲ ಒಟ್ಟ್ಯಾಳಂತವಾ. ಉಣ್ಣಾಕಾದ್ರ ಒಟ್ಟತಾರೇನು? ಮಾರಾಕನ ಇರಬೇಕು.”

ಸುಶೀಲವ್ವನಿಗೆ ಪಿತ್ತ ನೆತ್ತಿಗೇರಿತು. ಸಿಟ್ಟಿಗಿಂತ ಹೆಚ್ಚಾಗಿ, ನಿಜ ಹೇಳಬೇಕೆಂದರೆ, ಅವಳಿಗೆ ಶಾಲಿನ ಚಿಂತೆ ಹತ್ತಿತು. ಅಂಗಡಿ ಗಂಡನಿಗೆ ಒಪ್ಪಿಸಿ, ದಾರಿಯಲ್ಲಿ ಮೆಹಬೂಬನನ್ನು ಎಳೆದುಕೊಂಡು, ಕೋಲ್ಡ್ ಸ್ಟೋರೇಜಿನ ಹಿಂದಿನ ತಗಡಿನ ಜೋಪಡಿಗಳ ಕಡೆ ಹೋದಳು.

ಜಯವ್ವ ಸುಳ್ಳು ಹೇಳಿರಲಿಲ್ಲ. ಮೂಲೆಯಲ್ಲಿ ಇಟ್ಟಿಗೆಗಳ ಮೇಲೆ ಹಲಗೆ, ಹಲಗೆಯ ಮೇಲೆ ಎರಡು ಚೀಲ. ಇಲಿ ಮುಟ್ಟದಿರಲೆಂದು ಸುತ್ತ ಪ್ಲಾಸ್ಟಿಕ್ ಹಾಳೆ. ಬಾಯಿಗೆ ಸುತ್ತಿದ ದಾರ ಸುಶೀಲವ್ವನ ಅಂಗಡಿಯದೇ, ಅದು ಅವಳಿಗೆ ಗೊತ್ತಿಲ್ಲವೇ? ಒಲೆಯ ಪಕ್ಕ ಬೇರೆಯೇ ಒಂದು ಸಣ್ಣ ಡಬ್ಬಿಯಲ್ಲಿ ಬಳಸುವ ಅಕ್ಕಿ ಇತ್ತು.

“ಏನಿದು?” ಅಂದಳು ಸುಶೀಲವ್ವ. “ಮಾರಬ್ಯಾಡ ಅಂದಿದ್ದಿಲ್ಲ ನಾ?”

ಸುನೈನಾ ತೊಟ್ಟು ಬಿಡಿಸಿ ಉರಿಯುತ್ತಿದ್ದ ಕೈಗಳನ್ನು ನೀರಿನ ಬೋಗುಣಿಯಲ್ಲಿ ಇಟ್ಟುಕೊಂಡು ಕೂತಿದ್ದಳು. ಎದ್ದು ನಿಂತು ಮೆಹಬೂಬನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಮಾತಾಡಿದಳು. ಮೆಹಬೂಬನ ಮುಖ ಸಣ್ಣದಾಗುತ್ತ ಹೋಯಿತು.

“ಮಾರಿಲ್ಲಂತರೀ,” ಅಂದ. “ನೀವು ಬ್ಯಾಡ ಅಂದೀರಿ ಅಂತನ ಮಾರಿಲ್ಲಂತ. ತಮ್ಮ ಪಾಲು ಡಬ್ಬಿಗೆ ತಗೊಂಡಾರ, ಚೀಲದಾಗ ಉಳದದ್ದು ಇವರ ಪಾಲಲ್ಲಂತರೀ ಅಕ್ಕಾರ. ಕಾರ್ಡಿನಾಗ ಐದು ಮಂದಿ ಅದಾರ, ಇಲ್ಲಿ ಇವರಿಬ್ಬರ. ಇನ್ನ ಮೂರು ಪಾಲು ಊರಾಗ ಇಕಿ ಅತ್ತಿದು, ಎರಡು ಮಕ್ಕಳದು.”

“ಹಂಗಾದ್ರ ಅವರು ಅಲ್ಲಿ ತಗೊಳ್ಳಿ. ಯಾರು ಬ್ಯಾಡ ಅಂದ್ರು?”

“ಅಲ್ಲಿ ರೇಷನ್ ಅಂಗಡಿಗೆ ಹ್ವಾದ್ರ, ನಿಮ್ಮದು ಕರ್ನಾಟಕದಾಗ ಪೂರ್ತಿ ಎತ್ತಿ ಆಗೇತಿ ಅಂದ್ರಂತ. ಎರಡೂ ತಿಂಗಳು.”

ಸುಶೀಲವ್ವ ಕೂತುಬಿಟ್ಟಳು. ಕೂರಲು ಬೇರೆ ಏನೂ ಇರಲಿಲ್ಲ, ಆ ಚೀಲದ ಮೇಲೆಯೇ ಕೂತಳು. ಕೂತ ಮೇಲೆ ಅದು ಏನೆಂದು ಹೊಳೆದು ಕೆಂಡ ತಾಗಿದ ಹಾಗೆ ಎದ್ದಳು.

ಅವಳಿಗೆ ಗೊತ್ತಿತ್ತು. ಇದೇ ಎಲ್ಲಕ್ಕಿಂತ ಕೆಟ್ಟದ್ದು. ಅಂಗಡಿ ನಡೆಸುವವರಿಗೆಂದು ಹಿಂದೆ ಹಾವೇರಿಯಲ್ಲಿ ನಡೆದ ತರಬೇತಿಯಲ್ಲಿ ಸಾಹೇಬರು ಬಿಡಿಸಿ ಹೇಳಿದ್ದರು: ಊರಲ್ಲಿ ಮಂದಿ ಉಳಿದಿದ್ದರೆ ಅವರ ಪಾಲು ಬಿಟ್ಟು, ಇಲ್ಲಿರುವವರ ಪಾಲನ್ನಷ್ಟೇ ಕೊಡಿ, ಮಷಿನ್ನಿನಲ್ಲಿ ಕಡಿಮೆ ಮಾಡಲು ಬರುತ್ತದೆ. ಅವಳು ಕೇಳಿಸಿಕೊಂಡಿದ್ದಳು, ಹೂಂ ಅಂದಿದ್ದಳು. ಆದರೆ ಅಂಗಡಿ ತುಂಬ ಮಂದಿ ನೋಡುತ್ತಿದ್ದಾಗ, ಕೈ ಬಿಚ್ಚಿ ಕೊಡುವ ಸುಖದಲ್ಲಿ, ಐದು ಹೆಸರಿನಲ್ಲಿ ಎಷ್ಟು ಮಂದಿ ಇಲ್ಲಿದ್ದೀರಿ ಎಂದು ಒಂದು ಮಾತು ಕೇಳಲಿಲ್ಲ. ಅಕ್ಕಿ ಸರ್ಕಾರದ್ದು, ಹಸಿವು ಯಾರದೋ ಮುದುಕಿಯದು, ದೊಡ್ಡಸ್ತಿಕೆ ಮಾತ್ರ ತನ್ನದು.

“ಯಾಕ ಹೇಳಲಿಲ್ಲ ನನಗ?” ಅಂದಳು.

ಮೆಹಬೂಬ ಸುನೈನಾಳನ್ನು ಕೇಳುವ ಗೋಜಿಗೆ ಹೋಗಲಿಲ್ಲ. “ಹೇಳಿದ್ಲಲ್ಲರೀ,” ಅಂದ. “ಅರ್ಧ ಸಾಕು ಅಂದ್ಲು. ಸಾಸ್, ಗಾಂವ್ ಅಂತ, ಅತ್ತಿ ಊರಾಗ ಅದಾಳ ಅಂತನೂ ಅಂದಿದ್ಲು. ನಾನೂ ಅಲ್ಲೇ ನಿಂತಿದ್ದೆ. ನಿಮ್ಮ ಕೂಡ ನಾನೂ ನಕ್ಕೆ.”

ಸುನೈನಾ ಮತ್ತೇನೋ ಸೇರಿಸಿದಳು. ಇಷ್ಟೆಲ್ಲ ಮಾಡಿದವರಿಗೆ ಎದುರು ಹೇಳಿದರೆ ಬೇಸರವಾದೀತು, ಮುಂದಿನ ತಿಂಗಳು ಅದೂ ಸಿಗದೆ ಹೋದೀತು ಎಂದು ಸುಮ್ಮನಾದಳಂತೆ. ಹಣ ಕಳಿಸೋಣವೆಂದರೆ ಕರೆತಂದ ಮುಕಾದಮ ಸೀಜನ್ನು ಮುಗಿದ ಮೇಲೇ ಪಗಾರ ಕೊಡುವವನು. ಅತ್ತೆ ಅವರಿವರ ಮನೆಯಲ್ಲಿ ಕಡ ತಂದಳು. ಎರಡನೇ ತಿಂಗಳು ಕಡ ಹುಟ್ಟಲಿಲ್ಲ. ಹಿರಿಯ ಮಗಳು ಮುನಿಯಾಳನ್ನು ಯಾರದೋ ದೊಡ್ಡ ಮನೆಗೆ, ಕೂಸು ಆಡಿಸಲು, ಎರಡು ಹೊತ್ತಿನ ಊಟಕ್ಕೆ ಬಿಟ್ಟು ಬಂದಳು. ಒಂಬತ್ತು ವರ್ಷದ ಹುಡುಗಿ. ಸಾಲೆ ಬಿಟ್ಟಿದ್ದಳು.

ಇದನ್ನು ಹೇಳುವಾಗ ಸುನೈನಾ ಅಳಲಿಲ್ಲ. ಅತ್ತಿದ್ದರೆ ಸುಶೀಲವ್ವ ಸಮಾಧಾನ ಮಾಡುತ್ತಿದ್ದಳು. ಅದಾದರೂ ಅವಳಿಗೆ ಬರುತ್ತಿದ್ದ ಕೆಲಸ.

ಮನೆಗೆ ಬಂದು ಕೊಟ್ರಪ್ಪನಿಗೆ ಎಲ್ಲ ಹೇಳಿದಳು. ಅವನು ಚೇಷ್ಟೆ ಮಾಡಲಿಲ್ಲ. “ನೀ ಕೆಟ್ಟದ್ದು ಮಾಡಬೇಕಂತ ಮಾಡಿಲ್ಲಲ್ಲ,” ಅಂದ.

“ಮಾಡಬೇಕಂತ ಮಾಡಿದ್ರ ಇಷ್ಟು ಮಾಡಾಕ ಆಗತಿದ್ದಿಲ್ಲರೀ,” ಅಂದಳು ಸುಶೀಲವ್ವ.

ನಿರೀಕ್ಷಕರಿಗೆ ಫೋನು ಮಾಡಿದಳು. ಎತ್ತಿದ್ದನ್ನು ಹಿಂದಕ್ಕೆ ಹಾಕಲು ಬರುವುದಿಲ್ಲ, ಮುಂದಿನದನ್ನು ಸರಿ ಮಾಡಿ ಅಂದರು. ಮುಂದಿನದಕ್ಕೆ ಅವಳು ಕಾದು ಕೂತಳು. ಹಂಚಿಕೆ ಶುರುವಾದ ದಿನ ಮೊದಲ ಹೆಬ್ಬೆಟ್ಟು ಸುನೈನಾಳದು. ಐದು ಹೆಸರು ಬಂದವು. ಸುಶೀಲವ್ವ ಕನ್ನಡಕ ಒರೆಸಿಕೊಂಡು ಇಬ್ಬರ ಪಾಲಿಗೆ ಇಳಿಸಿದಳು. ತೂಗಿ ಮುಗಿದ ಮೇಲೆ ಅವಳ ಕೈ ತಾನಾಗಿ ಇನ್ನೊಂದು ಬೊಗಸೆಗೆಂದು ಅಕ್ಕಿಯೊಳಗೆ ಇಳಿಯಿತು. ಇಳಿದ ಕೈಯನ್ನು ಹಾಗೇ ಖಾಲಿ ಹಿಂದಕ್ಕೆ ತೆಗೆದಳು. ಗೋಡೆಯ ಶಾಲನ್ನು ಜೋಪಡಿಯಿಂದ ಬಂದ ದಿನವೇ ಇಳಿಸಿ ಪೆಟ್ಟಿಗೆಗೆ ಹಾಕಿದ್ದಳು. ಯಾಕೆ ತೆಗೆದಿ ಎಂದು ಜಯವ್ವ ಕೇಳಿದರೆ ಮೆಣಸಿನಕಾಯಿ ಧೂಳು ಕೂರುತ್ತದೆ ಅಂದಳು.

ಹೋಳಿಗೆ ಅದೇ ಕಡೆಯ ಒಬ್ಬ ಹಮಾಲ ಊರಿಗೆ ಹೊರಟಿದ್ದ. ಜೋಪಡಿಯ ಎರಡು ಚೀಲಗಳಲ್ಲಿ ಒಂದನ್ನು ಅವನ ಜೊತೆ ಕಳಿಸಿದರು. ಎರಡನ್ನೂ ಹೊರಲು ಅವನಿಂದ ಆಗುತ್ತಿರಲಿಲ್ಲ. ಚೀಲವನ್ನು ರೈಲಿಗೆ ಏರಿಸಲು ಸುಶೀಲವ್ವ ತಾನೇ ಸ್ಟೇಷನ್ನಿಗೆ ಹೋಗಿದ್ದಳು. ರೈಲು ಹೊರಟ ಮೇಲೂ ಪ್ಲಾಟ್‌ಫಾರ್ಮಿನಲ್ಲಿ ನಿಂತೇ ಇದ್ದಳು. ಒಂದು ಚೀಲ ಅಕ್ಕಿ ತಿರುಗಿ ಹೋಗಬಹುದು. ಅದು ಇಲ್ಲದ ಎರಡು ತಿಂಗಳು ತಿರುಗಿ ಹೋಗುವುದಿಲ್ಲ.

ಆ ದಿನಗಳಲ್ಲಿ ಅವಳು ಕೊಟ್ರಪ್ಪನಿಗೂ ಎರಡನೇ ಸಲ ಬಡಿಸುವುದನ್ನು ಬಿಟ್ಟಿದ್ದಳು. ಅವನು ಸಾಕು ಅಂದರೆ ಸೌಟು ನಿಲ್ಲುತ್ತಿತ್ತು. ಪಾಪ, ಆ ಮನುಷ್ಯ ಜೀವಮಾನವಿಡೀ ಅಭ್ಯಾಸದಿಂದ ಸಾಕು ಅಂದವನು. ಅರೆಹೊಟ್ಟೆಯಲ್ಲಿ ಎದ್ದು ಹೋಗಿ ಡಬ್ಬಿಯಲ್ಲಿ ಚುರುಮುರಿ ಹುಡುಕುತ್ತಿದ್ದ.

ಏಪ್ರಿಲಿನ ಒಂದು ಮಧ್ಯಾಹ್ನ ಮೆಹಬೂಬ ಅಂಗಡಿಗೆ ಬಂದ. “ಸುನೈನಾ ಕರೀತಾಳ್ರೀ ಅಕ್ಕಾರ. ಊರಿಂದ ಫೋನ್ ಐತಂತ, ಇಕಿ ಅತ್ತಿ ನಿಮ್ಮ ಮುಖ ನೋಡಬೇಕಂತ.”

ಹೋಗದೆ ಇರಲು ಸುಶೀಲವ್ವ ನೆಪ ಹುಡುಕಿದಳು. ಒಂದೂ ಸಿಗಲಿಲ್ಲ. ಜೋಪಡಿಯಲ್ಲಿ ಬಿರ್ಜು ಮೊಬೈಲನ್ನು ಅವಳ ಮುಂದೆ ಹಿಡಿದ. ಮಣ್ಣಿನ ಗೋಡೆಗೆ ಒರಗಿ ಕೂತ ಒಣಕಲು ಮುದುಕಿ, ಬಾಯಿತುಂಬ ನಗು. ಏನೇನೋ ಹೇಳಿ ಎರಡೂ ಕೈ ಎತ್ತಿ ಬೆರಳುಗಳನ್ನು ಲಟಕ್ಕೆಂದು ಮುರಿದು ದೃಷ್ಟಿ ತೆಗೆದಳು.

“ರೇಷನ್ ಬಂತಂತರೀ,” ಮೆಹಬೂಬ ಹೇಳಿದ. “ಚೀಲಾನೂ ಮುಟ್ಟೇತಂತ. ಹುಡುಗೀನ್ನ ಕರಕೊಂಡು ಬಂದಾರ. ಮಷಿನ್ನು ತಪ್ಪು ಮಾಡಿತ್ತು, ದೀದಿ ಸಾಹೇಬರ ಕೂಡ ಬಡಿದಾಡಿ ಸರಿ ಮಾಡಿಸಿದ್ರು ಅಂತ ಸುನೈನಾ ಹೇಳ್ಯಾಳ. ನಿಮಗ ನೂರು ವರ್ಷ ಆಯುಷ್ಯ ಬರ್ಲಿ ಅಂತಾಳ ಮುದುಕಿ.”

ಸುಶೀಲವ್ವ ಸುನೈನಾಳ ಕಡೆ ನೋಡಿದಳು. ಅವಳು ಒಲೆಯ ಕಡೆ ಮುಖ ಮಾಡಿದ್ದಳು. ಮಷಿನ್ನಲ್ಲವ್ವಾ, ನಾನು, ನಿಮ್ಮ ಅನ್ನ ಕಸಿದಾಕಿ ನಾನು ಎಂದು ಹೇಳಬೇಕೆಂದು ಸುಶೀಲವ್ವ ಬಾಯಿ ತೆರೆದಳು. ಅಷ್ಟರಲ್ಲಿ ಮುದುಕಿಯ ಹಿಂದೆ ಒಂದು ಹುಡುಗಿ ಕಂಡಳು. ಮುನಿಯಾ. ಅಲ್ಲಿ ಊಟ ಆಗಷ್ಟೇ ಮುಗಿದಿತ್ತು. ಹುಡುಗಿ ಯಾರೂ ಹೇಳದೆಯೇ ಅಜ್ಜಿಯ ತಟ್ಟೆ, ತಮ್ಮನ ತಟ್ಟೆ, ತನ್ನದು ಎಲ್ಲ ಒಂದರ ಮೇಲೊಂದು ಇಟ್ಟುಕೊಂಡು, ತಲೆ ತಗ್ಗಿಸಿ, ಲಗುಬಗೆಯಿಂದ ತೊಳೆಯಲು ಹೋದಳು. ದೊಡ್ಡ ಮನೆಯಲ್ಲಿ ಕಲಿತು ಬಂದ ನಡಿಗೆ ಅದು.

“ಅಕ್ಕಾರು ಏನೋ ಅನ್ನಾಕತ್ತಿದ್ರಿ?” ಮೆಹಬೂಬ ಕೇಳಿದ.

“ಆರಾಮದಾರೇನು ಕೇಳು,” ಅಂದಳು ಸುಶೀಲವ್ವ. ಅಷ್ಟೇ ಅವಳ ಬಾಯಿಂದ ಬಂದದ್ದು. ಮುದುಕಿ ಮತ್ತೊಮ್ಮೆ ಹರಸಿದಳು. ಆ ಹರಕೆಯನ್ನೂ ಸುಶೀಲವ್ವ ತನ್ನದಲ್ಲದ ಪಾಲಿನಂತೆ ತೆಗೆದುಕೊಂಡಳು.

ಎದ್ದು ಹೊರಡಬೇಕೆಂದರೆ ಸುನೈನಾ ಚಾಪೆ ಹಾಸಿ ತಟ್ಟೆ ಇಟ್ಟಾಗಿತ್ತು. ಮೂಲೆಯ ಹಲಗೆಯ ಮೇಲಿನ ಉಳಿದ ಚೀಲದ ಬಾಯಿ ಬಿಚ್ಚಿತ್ತು. ಇಷ್ಟು ದಿನ ಮುಟ್ಟದೆ ಇಟ್ಟ ಚೀಲ.

“ಇಕಿ ಅತ್ತಿ ಹೇಳ್ಯಾಳಂತ,” ಮೆಹಬೂಬ ಅಂದ, ಅವನೂ ಕಣ್ಣು ತಪ್ಪಿಸಿಯೇ. “ನನ್ನ ಪಾಲಿನ ಅಕ್ಕ್ಯಾಗನ ದೀದಿಗೆ ಒಂದು ದಿನ ಉಣ್ಣಾಕ ನೀಡು ಅಂತ.”

ಬಿಸಿ ಅನ್ನದ ಹಬೆ ಮುಖಕ್ಕೆ ಬಡಿಯಿತು. ಸುಶೀಲವ್ವ “ಬ್ಯಾಡವಾ,” ಅಂದಳು. ಸುನೈನಾ ನಕ್ಕು ಒಂದು ಸೌಟು ಹಾಕಿದಳು. “ಖರೇನ ಬ್ಯಾಡ, ನನ್ನ ಮಾತು ಕೇಳು,” ಅಂದಳು. ಇನ್ನೊಂದು ಸೌಟು ಬಿತ್ತು. ಸುಶೀಲವ್ವ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಳು. ಕಣ್ಣಲ್ಲಿ ನೀರು ತುಂಬಿತ್ತು. ಒಂದು ಅಂಗೈಯನ್ನು ಎತ್ತಿ ಇನ್ನೊಂದರಿಂದ ನಡುವೆ ಕತ್ತರಿಸಿ ತೋರಿಸಿದಳು. “ಅರ್ಧ, ಸುನೈನಾ. ಅರ್ಧ ಸಾಕು.”

ತುಂಬುಬಸುರಿ ಸುನೈನಾ ಒಂದು ಕೈಯಿಂದ ಸೊಂಟ ಹಿಡಿದುಕೊಂಡು ಬಗ್ಗಿದಳು. ಬ್ಯಾಡಗಿಗೆ ಬಂದು ಅವಳಿಗೂ ಈಗ ನಾಲ್ಕು ತಿಂಗಳಾಗಿತ್ತು, ನಾಲ್ಕು ಮಾತು ಕಲಿತಿದ್ದಳು. ಸುಶೀಲವ್ವನ ಕೈಯನ್ನು ಹಿಡಿದು ಪ್ರೀತಿಯಿಂದ ಬದಿಗೆ ಸರಿಸಿದಳು.

“ನಾಚಬ್ಯಾಡ್ರಿ ದೀದಿ,” ಅಂದಳು. “ತಗೋರಿ.”

ತಟ್ಟೆ ತುಂಬಿತು. ಸುಶೀಲವ್ವ ಒಂದು ಅಗುಳೂ ಬಿಡದೆ ಉಂಡಳು.